ಸೋರೆಬುರುಡೆಯಲ್ಲಿ ಸತ್ತ ಬೀಜ

ಕೊಳ್ಳೇಗಾಲ ಸೀಮೆಯ ಶಾಗ್ಯದ ದೊಡ್ಡಮಾದಮ್ಮ ಮದುವೆಯಾಗಿ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟಕ್ಕೆ ಬಂದಾಗ ತವರಿನಿಂದ ತಂದದ್ದು ಎರಡು ಸೀರೆ, ಒಂದು ಸೋರೆಬುರುಡೆ. ಬುರುಡೆಯ ತುಂಬ ಅವರೆ ಬೀಜ. ಅವರ ಕಡೆ ಹೆಂಗಸಿನ ಯೋಗ್ಯತೆ ಅಳೆಯುವುದೇ ಬೀಜದಿಂದ. ಬಿಸಿಲಿಗೆ ಹರಡಿ, ಬೂದಿ ಸವರಿ, ಬುರುಡೆಗೆ ತುಂಬಿ, ಒಲೆಯ ಹೊಗೆ ತಾಕುವಂತೆ ತೂಗುಹಾಕಬೇಕು. ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಅನ್ನದಿದ್ದರೆ ಆ ಮನೆಯವಳಿಗೆ ಕೈಗುಣವಿಲ್ಲ ಅಂತಲೇ ಲೆಕ್ಕ.

ಗಂಡ ಮಂಟೇಸ್ವಾಮಿ ತೋಟದ ಬಂಗಲೆಯ ಮಾಲಿ. ಸಸಿಮಡಿ ದೊಡ್ಡಮಾದಮ್ಮನ ಕೈಯಲ್ಲಿತ್ತು. ಅವಳು ಊರಿದ ಬೀಜ ಹುಸಿಹೋದದ್ದಿಲ್ಲ. ಆ ಹೆಮ್ಮೆಯಲ್ಲೇ ಅವಳ ಹೊಟ್ಟೆ ತುಂಬುತ್ತಿತ್ತು, ಮೈದುನ ಯಳಂದೂರಿನ ಚಿಕ್ಕನಿಂಗಮ್ಮನನ್ನು ಕಟ್ಟಿಕೊಂಡು ಬರುವ ತನಕ.

ನಿಂಗಮ್ಮನಿಗೆ ಬೂದಿಯೂ ಬೇಡ, ಬುರುಡೆಯೂ ಬೇಡ. ಕುಂಬಳಕಾಯಿ ಹೆಚ್ಚಿ ತಿರುಳನ್ನು ಬಚ್ಚಲ ಹಿಂದೆ ಎಸೆದರೆ ಬಳ್ಳಿ ಮಾಡಿನ ಮೇಲೆ ಹಬ್ಬುತ್ತಿತ್ತು. ಒಂದು ದಿನ ಮಂಟೇಸ್ವಾಮಿ ಉಣ್ಣುತ್ತಾ ಅಂದುಬಿಟ್ಟ:

“ನಮ್ ನಿಂಗಮ್ಮುಂದು ಕೈಯಲ್ಲ ಕಣಮ್ಮಿ, ಕೆರೆ ಕೆಳಗಿನ ಗದ್ದೆ.”

ಹೊಗಳಿಕೆ ಬಂದದ್ದು ಓರಗಿತ್ತಿಗೆ, ಮುದ್ದೆ ಗಂಟಲಲ್ಲಿ ನಿಂತದ್ದು ದೊಡ್ಡಮಾದಮ್ಮನಿಗೆ. ಆವತ್ತಿನಿಂದ ಇಬ್ಬರ ಮನೆ ನಡುವಿನ ಬಚ್ಚಲ ಕಾಲುವೆ ಒಂದು ಗಡಿಯಾಯಿತು. ಕೊಳ್ಳೇಗಾಲ ಆಗ ಮದರಾಸಿನವರ ಕೈಯಲ್ಲಿ, ಯಳಂದೂರು ಮಹಾರಾಜರ ಕೈಯಲ್ಲಿ. ನಿಂಗಮ್ಮ ಬಿಡುತ್ತಾಳೆಯೆ?

“ನಿಮ್ ಕುಂಪಣಿ ಸೀಮೇಲಿ ಬೀಜುಕ್ಕೂ ಕಾವಲಾ ಅಕ್ಕಯ್ಯ?”

“ನಿಮ್ ಮಾರಾಜ್ರ ಸೀಮೇಲಿ ಬಾಯ್ಗೆ ಕಾವ್ಲಿಲ್ವಲ್ಲ, ಅದ್ಕೆ ಕಣಮ್ಮಿ.”

ಬಂಗಲೆಯ ಅಂಗಳದಲ್ಲಿ ಒಂದು ಮರವಿತ್ತು. ತೋಟ ಕಟ್ಟಿದ ಬಿಳಿ ದೊರೆ ಆಫ್ರಿಕಾದ ಚಳಿಬೆಟ್ಟಗಳಿಂದ ಡಬ್ಬಿಯಲ್ಲಿ ತಂದಿದ್ದ ಸಸಿ ಅದು. ಜೊತೆಗೆ ತಂದವು ಕೆಳಗಿನ ಸೀಮೆಯ ಸೆಕೆಗೆ ಸತ್ತವು. ಮಂಜು ಬೀಳುವ ಈ ಎತ್ತರದಲ್ಲಿ ಇದೊಂದು ಉಳಿಯಿತು. ತೊಗಟೆ ಕಪ್ಪು, ಮೊಸಳೆ ಬೆನ್ನಿನಂತೆ ಬಿರುಕು. ಎಲೆ ಮೇಲೆ ಮಿರುಗುವ ಹಸಿರು, ತೊಟ್ಟು ಮಾತ್ರ ಕುಂಕುಮ ಸವರಿದಂತೆ ಕೆಂಪು. ಎಲೆ ಹಿಸುಕಿದರೆ ಕಹಿ ಬಾದಾಮಿಯ ವಾಸನೆ. ಹೂವು ಬಿಳಿ, ಸಣ್ಣಸಣ್ಣ ಗೊಂಚಲು. ದೊರೆ ಹೋದರೂ ಜನ ಅದನ್ನು ದೊರೆಮರ ಅಂತಲೇ ಕರೆದರು.

ಅದರ ತೊಗಟೆಯ ಕಷಾಯ ಕುಡಿದರೆ ಮುದುಕರ ಮೂತ್ರಕಟ್ಟು ಬಿಡುತ್ತದೆ ಎಂಬ ಮಾತು ಹೇಗೋ ಬೆಟ್ಟ ಇಳಿಯಿತು. ಒಂದು ಬೆಳಗ್ಗೆ ನೋಡಿದರೆ ಯಾರೋ ತೊಗಟೆಗೆ ಮಚ್ಚು ಹಾಕಿದ್ದರು.

“ಒಂದ್ ಮಗ್ಗುಲಲ್ಲಿ ಕಿತ್ತಿದ್ರೆ ಮರ ತಡ್ಕತಿತ್ತು,” ಅಂದ ಮಂಟೇಸ್ವಾಮಿ, ಸಗಣಿ ಮಣ್ಣು ಮೆತ್ತುತ್ತಾ. “ಉಡಿದಾರ ಕಟ್ದಂಗೆ ಸುತ್ತ ಕುಯ್ದವ್ರೆ. ಇದು ಉಳಿಯಕಿಲ್ಲ.”

ಉಳಿಯುವುದಿಲ್ಲ ಎಂದು ಮರಕ್ಕೂ ಗೊತ್ತಾಯಿತೋ ಏನೋ, ಆ ವರ್ಷ ಮೈತುಂಬ ಹಣ್ಣು ಬಿಟ್ಟಿತು. ತೋಟದ ಲೆಕ್ಕ ಬರೆಯುವ ರೈಟರು ರುದ್ರಸ್ವಾಮಿ ಎಲ್ಲರ ಮುಂದೆ ಹೇಳಿದರು: “ಈ ಬೆಟ್ಟದಲ್ಲಿ ಇಂಥದ್ದು ಇನ್ನೊಂದಿಲ್ಲ. ಇದರ ಸಸಿ ಯಾರು ಎಬ್ಬಿಸ್ತಾರೋ, ಸಸಿಮಡಿ ಇನ್ಮೇಲೆ ಅವರದು.”

“ಆಗ್ಲಿ ಬುದ್ದಿ,” ಅಂದಳು ದೊಡ್ಡಮಾದಮ್ಮ. ಪಕ್ಕದಲ್ಲಿ ನಿಂಗಮ್ಮ ನಗುತ್ತಿದ್ದಳು. ಮಡಿಯೂ ಹೋಗಿ, ಗಂಡನ ಬಾಯಲ್ಲಿ ದಿನಾ ಅವಳ ಹೆಸರೇ ಕೇಳಬೇಕಾದರೆ ತಾನು ಈ ಬೆಟ್ಟದಲ್ಲಿ ಯಾಕಿರಬೇಕು?

ಮಾರನೆಯ ದಿನ ಕೋಳಿ ಕೂಗುವ ಮೊದಲೇ ಮರದ ಬುಡದಲ್ಲಿ ಸೀರೆ ಹಾಸಿದಳು. ಉದ್ದಕ್ಕಿಂತ ಅಗಲವೇ ಹೆಚ್ಚಿರುವ ಪುಟ್ಟ ಹಣ್ಣುಗಳು, ಕೆಂಪು ತಿರುಗಿ ಕಪ್ಪಡರಿದ್ದವು. ಬಿದ್ದದ್ದನ್ನು ಆರಿಸಿದಳು, ಕೈಗೆಟುಕಿದ್ದನ್ನು ಕಿತ್ತಳು, ಎಟುಕದ್ದನ್ನು ದೋಟಿಯಲ್ಲಿ ಉದುರಿಸಿದಳು. ಹಿಂದಿನಿಂದ ಬಂದ ನಿಂಗಮ್ಮನಿಗೆ ಉಳಿದದ್ದು ಎಲೆ.

“ಅಕ್ಕಯ್ಯ, ನಂಗೂ ನಾಕು ಕೊಡು.”

“ಎಲ್ಲೈತಮ್ಮಿ? ಎಲ್ಲಾ ಹಕ್ಕಿ ತಿಂದ್ಬುಟ್ಟೊ.”

“ಆ ಹಕ್ಕಿ ಶಾಗ್ಯದ್ದಾ?”

ದೊಡ್ಡಮಾದಮ್ಮ ಸೀರೆಯ ಗಂಟು ಹೊತ್ತು ಮನೆಗೆ ನಡೆದಳು. ಹಣ್ಣನ್ನು ಮಂಕರಿಯಲ್ಲಿ ಕಿವುಚಿ, ತಿರುಳು ತೊಳೆದು, ಆ ನೀರನ್ನು ಕಾಲುವೆಗೆ ಚೆಲ್ಲಿದಳು. ಬೀಜವನ್ನು ಬಿಸಿಲಿಗಿಟ್ಟು ಕಾದಳು, ಬೂದಿ ಸವರಿದಳು, ಬುರುಡೆಗೆ ತುಂಬಿದಳು. ಅಲ್ಲಾಡಿಸಿದಳು. ಗಲಗಲ! ಪಕ್ಕದ ಮನೆಗೆ ಕೇಳಲಿ ಅಂತ ಇನ್ನೊಮ್ಮೆ ಅಲ್ಲಾಡಿಸಿದಳು.

ಮಳೆ ಹಿಡಿದ ಮೇಲೆ ಮಡಿಯಲ್ಲಿ ಊರಿದಳು. ದಿನ ಕಳೆದವು. ಕಳೆ ಬಂತು, ಬೀಜ ಬರಲಿಲ್ಲ. ಕೆದಕಿ ಒಡೆದು ನೋಡಿದರೆ ಒಳಗಿನ ಬೇಳೆ ಸುಕ್ಕಾಗಿ, ಬೂದಿಗಿಂತ ಒಣಗಿತ್ತು. ಅತ್ತ ದೊರೆಮರ ನೆತ್ತಿಯಿಂದ ಎಲೆ ಉದುರಿಸುತ್ತಿತ್ತು.

ಒಂದು ಸಂಜೆ ಪಾತ್ರೆ ತೊಳೆಯಲು ಕೂತವಳ ಕಣ್ಣಿಗೆ ಕಾಲುವೆಯ ಆಚೆ, ನಿಂಗಮ್ಮನ ಕುಂಬಳಬಳ್ಳಿಯ ಬುಡದಲ್ಲಿ ಕೆಂಪು ತೊಟ್ಟಿನ ಸಸಿಯೊಂದು ಬಿತ್ತು. ಎಲೆಯ ತುದಿ ಹಿಸುಕಿದಳು. ಅದೇ ಕಹಿ ಬಾದಾಮಿ. ತಾನು ತಿರುಳಿನ ಜೊತೆ ಚೆಲ್ಲಿದ ಬೀಜ! ಬಿಸಿಲು ಕಾಣದ್ದು, ಬೂದಿ ಕಾಣದ್ದು, ಹಸಿಯಾಗಿದ್ದಕ್ಕೇ ಬದುಕಿತ್ತು. ಬೀಜ ತನ್ನದು, ನೀರು ತನ್ನದು, ಹುಟ್ಟಿದ್ದು ಮಾತ್ರ ಅವಳ ಬಾಗಿಲಿಗೆ.

ಕಿತ್ತು ತನ್ನ ಮಡಿಗೆ ಸೇರಿಸಿಬಿಡೋಣವೆಂದು ಬುಡಕ್ಕೆ ಬೆರಳು ಹಾಕಿದಳು. ಬೇರು ಬಳ್ಳಿಯ ಬೇರಿಗೆ ಹೆಣೆದುಕೊಂಡಿತ್ತು. ಎಳೆದರೆ ತುಂಡಾಗುವುದೇ. ಅಷ್ಟರಲ್ಲಿ ನಿಂಗಮ್ಮ ಸವಳು ಮಣ್ಣು ಹಾಕಿ ಬಟ್ಟೆ ಬೇಯಿಸಿದ ಕುದಿನೀರಿನ ಹಂಡೆ ಎತ್ತಿಕೊಂಡು ಹಿತ್ತಲಿಗೆ ಬಂದಳು. ದಿನವೂ ಕಾಲುವೆಯ ತುದಿಗೆ ಹೋಗಿ ಸುರಿಯುತ್ತಿದ್ದವಳು ಇವತ್ತು ಭಾರ ತಾಳದೆ ಅಲ್ಲೇ, ಸಸಿಯ ಪಕ್ಕವೇ ನಿಂತಳು. ಸುಮ್ಮನಿದ್ದರೆ ಸಾಕು, ಯಾರಿಗೂ ಗೊತ್ತಾಗದು, ಮಡಿಯೂ ಉಳಿಯುತ್ತದೆ. ದೊಡ್ಡಮಾದಮ್ಮ ಸಸಿಯ ಬುಡದಿಂದ ಬೆರಳು ತೆಗೆದಳು. ಹಂಡೆ ವಾಲಿತು.

“ಸುರೀಬ್ಯಾಡ ಕಣೇ ನಿಂಗೀ!”

ಕೂಗುತ್ತಲೇ ಕಾಲು ಅಡ್ಡ ಇಟ್ಟಿದ್ದಳು. ಕುದಿನೀರು ಪಾದದ ಮೇಲೆ ಬಿತ್ತು.

“ಅಯ್ಯೋ ಅಕ್ಕಯ್ಯ! ಏನಾಗಿತ್ತು ನಿಂಗೆ?”

“ನಂಗೇನಾಗದು, ಕಣ್ ಬುಟ್ಟು ಕೆಳೀಕ್ ನೋಡು.”

ರುದ್ರಸ್ವಾಮಿ ಬಂದು ನೋಡಿದರು. ಸಸಿ ನಿಂಗಮ್ಮನ ಹಿತ್ತಲಲ್ಲಿದ್ದದ್ದರಿಂದ ಮಡಿ ನಿಂಗಮ್ಮನಿಗೇ ಹೋಯಿತು. ಆ ವರ್ಷ ಕಳೆಯುವುದರೊಳಗೆ ದೊರೆಮರ ಒಣಗಿ ನಿಂತಿತು. ಸುಟ್ಟ ಪಾದಕ್ಕೆ ಎಣ್ಣೆ ಹಚ್ಚಿಕೊಂಡೇ ದೊಡ್ಡಮಾದಮ್ಮ ಸಸಿಯ ಸುತ್ತ ಮುಳ್ಳುಬೇಲಿ ಕಟ್ಟಿದಳು. “ಬೀಜ ನಂದು” ಅಂತ ಇವಳು, “ಬಚ್ಚಲು ನಂದು” ಅಂತ ಅವಳು, ತಲೆ ನರೆಯುವ ತನಕ ಜಗಳ ತೀರಲಿಲ್ಲ.

ಆ ಸಸಿ ಮರವಾಗಿ ಮೊದಲ ಸಲ ಹಣ್ಣು ಬಿಟ್ಟ ಬೆಳಗ್ಗೆಯೂ ಎಲ್ಲರಿಗಿಂತ ಮುಂಚೆ ಸೀರೆ ಹಾಸಿದವಳು ದೊಡ್ಡಮಾದಮ್ಮನೇ. ಕಾಲುವೆಯ ಈಚೆ ಬಿದ್ದದ್ದನ್ನೆಲ್ಲ ಆರಿಸಿ, ಒಣಗಲು ಬಿಡದೆ ಆಗಲೇ ಹಸಿ ಮಣ್ಣಿಗೆ ಊರಿದಳು. ಆಚೆ ಬಿದ್ದದ್ದನ್ನು ಮುಟ್ಟಲಿಲ್ಲ. ನಿಂಗಮ್ಮ ಎದ್ದು ಬಂದು ಆರಿಸಿಕೊಳ್ಳುವ ತನಕ ಅಲ್ಲೇ ಕೂತು, ಯಾರ ಕಡೆ ಜಾಸ್ತಿ ಬಿದ್ದಿವೆ ಎಂದು ನೋಡುತ್ತಿದ್ದಳು.