ಒಂದು ಸೀಟು, ಎರಡು ಟವೆಲ್

ಗೆಳೆಯರೇ, ಸಿಂದಗಿಯ ಸೈಬರ್ ಕೆಫೆಯಿಂದ ಬರೆಯುತ್ತಿದ್ದೇನೆ. ಕಾಲು ಇನ್ನೂ ನೋಯುತ್ತಿದೆ.

ಬೆಳಿಗ್ಗೆ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕೂತಿದ್ದೆ. ನನ್ನ ಪಕ್ಕದ ಖಾಲಿ ಸೀಟಿಗೆ ಕಿಟಕಿಯಿಂದ ಒಂದರ ಹಿಂದೊಂದು ಎರಡು ಟವೆಲ್ ಬಿದ್ದವು. ಬೆನ್ನಿಗೇ ಒಡೆಯರಿಬ್ಬರೂ ಹತ್ತಿ ಬಂದರು. ಒಬ್ಬರು ಮನಗೂಳಿಯವರು, ಇನ್ನೊಬ್ಬರು ಇಂಗಳೇಶ್ವರದವರು.

“ಮೊದಲ ಒಗದಾಂವ ನಾನ್ರಿ!”

“ತೆಳಗಿಂದು ನಂದ ಐತಿ, ಕಣ್ಣ ಬಿಟ್ಟು ನೋಡ್ರಿ!”

ಕಡೆಗೆ ಇಬ್ಬರೂ ನನ್ನತ್ತ ತಿರುಗಿದರು. “ತಮ್ಮಾ, ನೀ ನೋಡಿಯಲ್ಲ, ಹೇಳು.”

ನೋಡಿದ್ದೆ. ಆದರೆ ಪತ್ರಿಕೋದ್ಯಮ ಪದವಿಯ ಮೊದಲ ವರ್ಷದಲ್ಲಿದ್ದೇನಲ್ಲ, ಎರಡೂ ಕಡೆಯವರನ್ನು ಕೇಳದೆ ಬಾಯಿ ಬಿಡಬಾರದೆಂದು ನಮ್ಮ ಸರ್ ಹೇಳಿದ್ದಾರೆ. ಕುತೂಹಲವನ್ನೂ ತಡೆಯಲಾಗಲಿಲ್ಲ. ಪೆನ್ನು ತೆಗೆದು ಎದ್ದು ನಿಂತೆ. ಎಲ್ಲಿಗೆ ಹೊರಟಿದ್ದೀರಿ, ಯಾರ ಮನೆಗೆ, ಏನು ಕೆಲಸ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಇಬ್ಬರೂ ಹೊರಟಿದ್ದು ಸಿಂದಗಿಯ ಒಂದೇ ಮನೆಯ ನಿಶ್ಚಿತಾರ್ಥಕ್ಕೆ! ಒಬ್ಬರು ಹುಡುಗನ ಸೋದರಮಾವ, ಇನ್ನೊಬ್ಬರು ಹುಡುಗಿಯ ದೊಡ್ಡಪ್ಪ.

“ಅಯ್ಯ, ಬೀಗರೇನ್ರಿ ನೀವು! ಕುಂದರ್ರಿ, ಕುಂದರ್ರಿ!”

ಒಬ್ಬರು ಆ ಸೀಟಿನಲ್ಲಿ ಕೂತರು, ಇನ್ನೊಬ್ಬರು ನನ್ನ ಸೀಟಿನಲ್ಲಿ.

“ನೀ ಬರಕೋತ ಬಾ, ತಮ್ಮಾ” ಎಂದರು.

ಎರಡೂ ಕಡೆಯವರನ್ನು ಕೇಳು ಎಂದ ಸರ್, ಕೂತಲ್ಲಿಂದಲೇ ಕೇಳು ಎಂದು ಹೇಳಿರಲಿಲ್ಲ.