ಮೂರನೆಯ ಎಂಟು

ಸಕ್ಕರೆ ರೋಗ ನೋಡುವ ಯಂತ್ರವನ್ನು ನನ್ನ ತಂಗಿಯ ಸೊಸೆ ಹುಕ್ಕೇರಿಯಿಂದ ಗೋಕಾಕಕ್ಕೆ, ನನ್ನ ಅಂಗಡಿಗೆ ತಂದಳು. ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಬಚ್ಚಲಲ್ಲಿ ಬಿದ್ದಿತ್ತಂತೆ. ಗುಂಡಿ ಒತ್ತಿದರೆ ಕುಂಯ್ ಎನ್ನುತ್ತಿತ್ತು, ಗಾಜಿನ ಮೇಲೆ ಏನೂ ಮೂಡುತ್ತಿರಲಿಲ್ಲ.

"ಹೊಸಾದು ತರೂಣು ಅಂದ್ನಿ ದೊಡ್ಡತ್ತಿ. 'ನಮ್ಮಕ್ಕ ಇರೂತನಾ ಹೊಸಾದು ಯಾಕ' ಅಂದ್ರು ಅತ್ತಿ," ಎಂದಳು.

ನನ್ನ ಗಂಡ ರೇಡಿಯೋ ರಿಪೇರಿ ಮಾಡುತ್ತಿದ್ದ. ಎರಡನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಅವನ ಬಾಜೂ ಕೂತು ಬೆಸುಗೆ ಹಾಕುವುದು ಕಲಿತೆ. ಅವನು ಸತ್ತ ಮೇಲೂ ಅಂಗಡಿ ಮುಚ್ಚಲಿಲ್ಲ. ನಮ್ಮ ಬಳಗದಲ್ಲಿ ಯಾವ ವಸ್ತುವೂ ನಾನೊಮ್ಮೆ ಬಿಚ್ಚಿ ನೋಡದೆ ಕಸಕ್ಕೆ ಹೋಗುತ್ತಿರಲಿಲ್ಲ. ಅದರ ಸೊಕ್ಕು ನನಗಿತ್ತು.

ಬಿಚ್ಚಿದೆ. ಕುಂಯ್ ಅಂದರೆ ಒಳಗೆ ಜೀವ ಇದೆ, ಬಾಯಿ ಮಾತ್ರ ಹೋಗಿದೆ. ಇಂಥವುಗಳಲ್ಲಿ ಗಾಜಿಗೆ ತಂತಿ ಇರುವುದಿಲ್ಲ. ಗೆರೆಗೆರೆಯ ರಬ್ಬರ್ ಪಟ್ಟಿಯೊಂದು ಗಾಜಿನ ಅಡಿಗೆ ಒತ್ತಿ ಕೂತಿರುತ್ತದೆ, ಕರೆಂಟು ಅದರೊಳಗಿಂದ ಮೇಲೆ ಏರುತ್ತದೆ. ಆ ಪಟ್ಟಿಗೆ ಸಾಬೂನಿನ ನೀರು ಹತ್ತಿತ್ತು. ಸ್ಪಿರಿಟ್ ಹಚ್ಚಿ ಒರೆಸಿ ಬಿಸಿಲಿಗೆ ಇಟ್ಟೆ. ತಿರುಗಿ ಕೂಡಿಸುವಾಗ ಎಡಮೂಲೆಯ ಸ್ಕ್ರೂ ಹಿಡಿಯಲಿಲ್ಲ. ಅದು ಕೂರುವ ಜಾಗವೇ ಸೀಳಿತ್ತು. ಅಂಟು ಹಾಕಿ ಮುಚ್ಚಿದೆ.

ಯಂತ್ರ ಶುರುವಾಗುವಾಗ ಮೊದಲು ತನ್ನ ಎಲ್ಲ ಗೆರೆಗಳನ್ನೂ ತೋರಿಸುತ್ತದೆ, ಎಂಟು ಎಂಟು ಎಂದು. ಎಂಟಕ್ಕೆ ಏಳು ಗೆರೆ. ಒಂದು ಸತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎರಡು ಎಂಟು ಮೂಡಿದವು. ಕನ್ನಡಕ ಏರಿಸಿ ಎಣಿಸಿದೆ. ಎರಡರಲ್ಲೂ ಏಳೇಳು. ಖಾತ್ರಿಗೆಂದು ನನ್ನ ಬೆರಳನ್ನೇ ಚುಚ್ಚಿ ರಕ್ತ ಕೊಟ್ಟೆ. ತೊಂಬತ್ತಾರು ಬಂತು. ನನಗೆ ಸಕ್ಕರೆ ರೋಗ ಇಲ್ಲ, ತೊಂಬತ್ತಾರು ಸರಿಯಾದದ್ದೇ. ಆ ಯಂತ್ರ ಚೆನ್ನಾಗಿದ್ದಾಗ ನಾನು ನೋಡಿದವಳಲ್ಲ. ಎಷ್ಟು ಎಂಟು ಬರಬೇಕು ಎಂದು ಯಾರನ್ನೂ ಕೇಳಲೂ ಇಲ್ಲ.

ನಾಲ್ಕನೇ ದಿನ ಸೊಸೆ ಫೋನ್ ಮಾಡಿದಳು.

"ದೊಡ್ಡತ್ತಿ, ಅತ್ತಿದು ಮದ್ಲ ಎರಡನೂರರ ಮ್ಯಾಲ ಇರತಿತ್ತು. ಈಗ ಅರವತ್ತಮೂರು, ಐವತ್ತೆಂಟು ಬರಾಕತ್ತೈತಿ. ಎಪ್ಪತ್ತಕ್ಕಿಂತ ಕಮ್ಮಿ ಬಂದ್ರ ಇಂಜೆಕ್ಷನ್ ಬಿಟ್ಟು ಬೆಲ್ಲದ ನೀರು ಕೊಡ್ರಿ ಅಂತ ಡಾಕ್ಟರ ಚೀಟಿಯೊಳಗ ಐತಿ. ಕೊಡಾಕತ್ತೇನಿ. ಆದ್ರ ಅವರು ಸಕ್ರಿ ಏರಿದಾಗಿನಂಗ ತಂಬಿಗಿ ಮ್ಯಾಲೆ ತಂಬಿಗಿ ನೀರು ಕುಡಿಯಾಕತ್ತಾರ. ಯಂತ್ರ ಖರೆ ಹೇಳತೈತೇನ್ರಿ?"

"ನನ್ನ ರಕ್ತಾ ಕೊಟ್ಟು ನೋಡೇನಿ. ನಿನಗ್ಯಾಕ ಸಂಶೆ? ಚೀಟಿ ಹೇಳಿದಂಗ ಮಾಡು."

ಹಿಂದಿನಿಂದ ತಂಗಿಯ ದನಿ ಕೇಳಿಸಿತು. "ಬಿಸಲಾಗ ನೀರು ಕುಡಿದ್ರ ತಪ್ಪೇನ? ನೋಡಕ್ಕ, ನಿನಗ ಕೆಲಸಾ ಕಲಸಾಕ ಹೊಂಟಾಳ." ನಕ್ಕಳು. ನಾನೂ ನಕ್ಕೆ.

ಎರಡು ದಿನ ಬಿಟ್ಟು ಯಂತ್ರ ಹನ್ನೆರಡು ತೋರಿಸಿತು. ಸೊಸೆ ಬೆಲ್ಲದ ನೀರು ಕುಡಿಸಿ, ಗಂಡನನ್ನು ಕರೆದು, ಆಸ್ಪತ್ರೆಗೆ ಒಯ್ದಳು. ಮರುದಿನ ತಂಗಿ ಸತ್ತಳು.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಮಂದಿ ಕೂತಿದ್ದರು. ತಂಗಿಯ ಮಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. "ಆಸ್ಪತ್ರಿ ಯಂತ್ರದಾಗ ನಾನೂರರ ಮ್ಯಾಲ ಐತಿ. ಇಕಿ ಮನ್ಯಾಗ ಬೆಲ್ಲಾ ಕುಡಸ್ಯಾಳ."

"ಹನ್ನೆರಡ ಇತ್ರಿ. ನಾ ಕಣ್ಣಾರೆ ನೋಡೇನಿ," ಎಂದಳು ಸೊಸೆ.

"ಅಂಕಿ ಓದಾಕ ಬರದಾಕಿ ಸಾಲಿ ಯಾಕ ಕಲತಿ?" ಎಂದಳು ತಂಗಿಯ ಮಗಳು. "ಬೆಲ್ಲಾ ಕುಡಿಸಿ ಕುಡಿಸಿ ನಮ್ಮವ್ವನ್ನ ಮಣ್ಣಿಗೆ ಹಾಕಿದಿ."

"ದಿನಾ ಮುಗಿಯೂತನಾ ಇರು," ಎಂದ ಮಗ. "ಆಮ್ಯಾಲೆ ತುಕ್ಕಾನಟ್ಟಿಗೆ ನಿಮ್ಮಪ್ಪನ ಮನಿಗೆ ನಡಿ."

ನಾನೂರರ ಮೇಲೆ. ಹನ್ನೆರಡು. ಎರಡೂ ಒಟ್ಟಿಗೆ ಕಿವಿಗೆ ಬಿದ್ದಾಗ ನಾನು ಅಂಟು ಹಾಕಿದ ಎಡಮೂಲೆ ನೆನಪಾಯಿತು. ಸುಮ್ಮನಿದ್ದರೆ ಆಗುತ್ತಿತ್ತು. ಆ ಯಂತ್ರವನ್ನು ಬಿಚ್ಚಿ ನೋಡುವವರು ಬಳಗದಲ್ಲಿ ನನ್ನ ಬಿಟ್ಟರೆ ಯಾರಿದ್ದರು? ಒಂದು ಕಪ್ಪು ಚಹಾ ಕುಡಿಯುವಷ್ಟು ಹೊತ್ತು ನಾನು ಸುಮ್ಮನೇ ಇದ್ದೆ. ಅದನ್ನೂ ಬರೆದಿಡುತ್ತೇನೆ.

ಆಮೇಲೆ ಯಂತ್ರ ಕೊಡು ಎಂದೆ. ಗುಂಡಿ ಒತ್ತಿದೆ. ಎರಡು ಎಂಟು. ಗಾಜಿನ ಎಡಮೂಲೆಯನ್ನು ಹೆಬ್ಬೆರಳಿಂದ ಅದುಮಿದೆ. ಅವೆರಡರ ಎಡಕ್ಕೆ ಮೂರನೆಯ ಎಂಟು ಎದ್ದಿತು. ನನ್ನ ಅಂಟು ಆ ಮೂಲೆಯನ್ನು ಒತ್ತಿ ಹಿಡಿದಿರಲಿಲ್ಲ, ರಬ್ಬರ್ ಪಟ್ಟಿ ಅಲ್ಲಿ ಗಾಜಿಗೆ ತಾಗಿರಲಿಲ್ಲ. ಹಿಂದಿನ ಲೆಕ್ಕವನ್ನೆಲ್ಲ ಯಂತ್ರ ಒಳಗೆ ಇಟ್ಟುಕೊಂಡಿರುತ್ತದೆ. ಒಂದೊಂದಾಗಿ ತೆಗೆದೆ. ಅದುಮಿದರೆ ಹನ್ನೆರಡರ ಮುಂದೆ ನಾಲ್ಕು. ಐವತ್ತೆಂಟರ ಮುಂದೆ ಮೂರು. ಅರವತ್ತಮೂರರ ಮುಂದೆ ಮೂರು. ಬೆರಳು ಬಿಟ್ಟರೆ ಹೋಗುತ್ತಿತ್ತು.

"ತಪ್ಪು ಆಕಿದಲ್ಲ, ನಂದು," ಎಂದೆ. "ಮೂಲಿ ಸರಿ ಕೂಡಸಲಿಲ್ಲ. ಆಕಿ ಫೋನ್ ಮಾಡಿ ಕೇಳಿದ್ಲು, ನಾ ಬಾಯಿ ಮುಚ್ಚಿಸಿದ್ನಿ."

ಮಗ ಯಂತ್ರ ಕಸಿದುಕೊಂಡು ತಾನೂ ಅದುಮಿದ, ಬಿಟ್ಟ, ಅದುಮಿದ.

"ಇಷ್ಟು ಮಂದ್ಯಾಗ ಹೇಳಬೇಕಿತ್ತೇನು ದೊಡ್ಡವ್ವ?"

"ಇಷ್ಟು ಮಂದ್ಯಾಗ ಆಕಿನ್ನ ಅಂದ್ರಲ್ಲ."

ಯಾರೂ ನನ್ನನ್ನು ಬಯ್ಯಲಿಲ್ಲ. ಮುದುಕಿ, ಸತ್ತವಳ ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ಸೊಸೆ ಒಳಗೆ ಹೋಗಿ ಚೀಲದೊಂದಿಗೆ ಹೊರಗೆ ಬಂದಳು.

"ಆಗಿದ್ದು ಆತು. ಒಳಗ ನಡಿ," ಎಂದ ಗಂಡ.

"ನಾ ಹೇಳಿದ್ರ ನಂಬಲಿಲ್ಲ. ಡಬ್ಬಿ ಹೇಳಿದ ಮ್ಯಾಲೆ ನಂಬಿದಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಹೇಳಿದ್ದು ಛಲೋ ಆತ್ರಿ. ಆದ್ರ ಅವತ್ತ ಒಂದ ಸಲ ಬಂದು ನೋಡಿದ್ರ ಅತ್ತಿ ಇರತಿದ್ರು."

ನಾನೂ ನನ್ನ ಚೀಲ ಎತ್ತಿಕೊಂಡು ಅವಳ ಹಿಂದೆ ಹೊರಟೆ.

ಘಟಪ್ರಭಾದ ತನಕ ಇಬ್ಬರದೂ ಒಂದೇ ಬಸ್ಸು. ಅಲ್ಲಿಂದ ಅವಳು ಮೂಡಲಗಿಯ ಕಡೆ ತನ್ನಪ್ಪನ ಊರಿಗೆ, ನಾನು ಗೋಕಾಕಕ್ಕೆ. ಅವಳು ಕಿಟಕಿಗೆ ಕೂತಳು, ನಾನು ಬಾಜೂ ಕೂತೆ. ಕಂಡಕ್ಟರ್ ಬಂದು, "ಇಬ್ಬರೂ ಕೂಡೇನ್ರಿ?" ಎಂದು ಕೇಳಿದ.

"ಬ್ಯಾರೆ ಬ್ಯಾರೆ," ಎಂದಳು ಅವಳು.