ಜ್ವರವಿಲ್ಲ ಎಂದಳು ಅಕ್ಕ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶ್ರೀರಂಗಪಟ್ಟಣದಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದೆ. ಗಂಜಾಂನಲ್ಲಿ ಕಟ್ಟಿಸಿದ ಮನೆಗೆ ಬಾಗಿಲು ಕೂರಿಸಲು ಬೂಕನಕೆರೆಯಿಂದ ಭಾವ ಬಂದಿದ್ದರು. ಮರಗೆಲಸ ಅವರ ಕಸುಬು. ಅಕ್ಕನೂ ಜೊತೆಗಿದ್ದಳು.

“ಪೇಪರ್ನೋನ ಮನೆ ಬಾಗ್ಲು ಕಣ್ಲಾ, ಸುಳ್ಳು ಆಚೀಕ್ ಓಗ್ದಂಗೆ ಬಿಗಿಯಾಗ್ ಕೂರುಸ್ತೀನಿ,” ಎಂದು ರೇಗಿಸುತ್ತಿದ್ದವರ ಬಲಗೈಯಿಂದ ಉಜ್ಜುಗೊರಡು ಜಾರಿತು. ಮತ್ತೆ ಎತ್ತಿಕೊಳ್ಳಲು ಆಗಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು. “ಲಕ್ವ!” ಎಂದು ಅಕ್ಕ ಕಿರುಚಿದಳು. ಪಕ್ಕದ ಮನೆಯವರ ವ್ಯಾನಿನಲ್ಲಿ ಮಲಗಿಸಿಕೊಂಡು ನೇರ ಮೈಸೂರಿಗೆ ಹೋದೆವು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕೂತಿದೆ, ಬೇಗ ತಂದಿದ್ದೀರಿ, ಕರಗಿಸುವ ಔಷಧಿ ಕೊಡಬಹುದು ಎಂದರು ಡಾಕ್ಟರು. ಕೊಡುವ ಮುಂಚೆ ಅಕ್ಕನನ್ನು ಕೇಳಿದರು: “ಜ್ವರ, ಕೆಮ್ಮು ಏನಾದ್ರೂ ಇತ್ತೇನಮ್ಮ?”

“ಏನೂ ಇಲ್ಲ ಸ್ವಾಮಿ. ಕಲ್ಗುಂಡಿನಂಗವ್ರೆ.”

ಮೈ ಮುಟ್ಟಿದರೆ ತಣ್ಣಗಿತ್ತು. ಔಷಧಿ ಹನಿಯತೊಡಗಿತು. ಸಂಜೆಗೆ ಬೆರಳು ಆಡಿದವು. ತೊದಲುತ್ತ ಭಾವ ನನ್ನತ್ತ ತಿರುಗಿದರು. “ಬಾಗ್ಲಿಲ್ದ ಮನೆ ಬುಟ್ಟು ಇಲ್ಲಿಗ್ ಬಂದ್ಬುಟ್ಯಾ? ಬುದ್ಧಿ ಇಲ್ವೇನ್ಲಾ?” ನಾವು ಮೂವರೂ ನಕ್ಕೆವು.

ಬೆಳಗ್ಗೆ ಅವರು ಕಣ್ಣು ಬಿಡಲಿಲ್ಲ. ಮೈ ಕೆಂಡವಾಗಿತ್ತು. ಡಾಕ್ಟರು ರೆಪ್ಪೆ ಎತ್ತಿ ಟಾರ್ಚ್ ಹಾಯಿಸಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದರು. ಮತ್ತೆ ಸ್ಕ್ಯಾನ್ ಮಾಡಿಸಿ ಬಂದು, “ಮೆದುಳು ಊದಿಕೊಂಡಿದೆ. ಶ್ವಾಸಕೋಶದಲ್ಲಿ ಸೋಂಕೂ ಇದೆ, ಅದು ನಿನ್ನೆ ಮೊನ್ನೆಯದಲ್ಲ,” ಎಂದರು.

ನಾನು ಅಕ್ಕನ ಮುಖ ನೋಡಿದೆ.

“ನಾಕ್ ದಿನದಿಂದ ಜ್ವರ ಇತ್ತು,” ಎಂದಳು. “ನಿನ್ನೆ ಕೆಲ್ಸಕ್ ಕೂರೋ ಮುಂಚೆ ಮಾತ್ರೆ ನುಂಗ್ಸಿದ್ದೆ. ಮಕ್ಳಿಗೆ ಜ್ವರ ಇದ್ರೆ ಊರ್ನಾಗೆ ಸೂಜಿ ಆಕ್ದೆ ವಾಪಸ್ ಕಳಿಸ್ತಾರಲ್ಲ. ಇವ್ರನ್ನೂ ಕಳ್ಸ್‌ಬುಡ್ತಾರೆ ಅಂತ ಏಳ್ನಿಲ್ಲ.”

ಲಸಿಕೆ ಹಾಕುವವರ ಮಾತನ್ನು ಆಕೆ ಎಲ್ಲ ಸೂಜಿಗೂ ಅನ್ವಯಿಸಿಕೊಂಡಿದ್ದಳು. ವರದಿಗಾರನಾಗಿ ಸಾವುಗಳ ಕಾರಣ ಬರೆದು ಅಭ್ಯಾಸವಿದ್ದವನು ನಾನು. ಇಂಥದೊಂದು ಕಾರಣ ಇರಬಹುದೆಂದು ಊಹಿಸಿರಲಿಲ್ಲ.

ಊತ ಇಳಿಸುವ ಔಷಧಿ ಕೊಟ್ಟರು, ಸೋಂಕಿಗೂ ಕೊಟ್ಟರು. ಮಧ್ಯಾಹ್ನ ಭಾವ ತೀರಿಕೊಂಡರು.

ಅಕ್ಕ ಅಳಲಿಲ್ಲ. ಡಾಕ್ಟರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು. “ಜ್ವರ ಅದೆ ಅಂದಿದ್ರೆ ಸೂಜಿ ಆಕ್ತಿದ್ರಾ?”

“ಹಾಕ್ತಿದ್ವಿ ಅನ್ಸುತ್ತಮ್ಮ. ಜೊತೆಗೆ ಸೋಂಕಿಗೂ ನಿನ್ನೆಯೇ ಔಷಧಿ ಶುರು ಮಾಡ್ತಿದ್ವಿ. ಸೋಂಕಿಲ್ಲದವರಿಗೂ ಹೀಗೆ ಮೆದುಳು ಊದಿಕೊಳ್ಳುತ್ತೆ. ಉಳೀತಿದ್ರು ಅಂತ ನಾನು ಹೇಳಲಾರೆ.”

ಆ ನಾಲ್ಕು ಮಾತುಗಳಲ್ಲಿ ಅಕ್ಕನಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಬೂಕನಕೆರೆಯಲ್ಲಿ ಮಣ್ಣಿಗೆ ಬಂದವರ ಕೈ ಹಿಡಿದು ಒಬ್ಬೊಬ್ಬರಿಗೂ ಅದನ್ನೇ ಹೇಳಿದಳು: “ಜ್ವರ ಅಂದಿದ್ರೂ ಆಕ್ತಿದ್ರಂತೆ ಕಣವ್ವ.”